ಪ್ಯಾಟ್ಸಿ ಮಿಂಕ್ ಸೋತ ಚುನಾವಣೆಗಳು

ಪ್ಯಾಟ್ಸಿ ಮಿಂಕ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ದಾಖಲೆಗಳಿಂದ ಶುರು ಮಾಡುತ್ತಾರೆ. ಅಮೆರಿಕದ ಸಂಸತ್ತಿಗೆ ಆರಿಸಿ ಬಂದ ಮೊದಲ ಬಿಳಿಯರಲ್ಲದ ಹೆಣ್ಣುಮಗಳು, ಅಲ್ಲಿಗೆ ಹೋದ ಮೊದಲ ಏಷ್ಯಾ ಮೂಲದ ಮಹಿಳೆ, ಹವಾಯಿಯಲ್ಲಿ ವಕೀಲಿ ಮಾಡಿದ ಮೊದಲ ಜಪಾನಿ ಮೂಲದ ಮಹಿಳೆ. ಎಲ್ಲ ನಿಜವೇ. ಆದರೆ ಇದನ್ನು ಓದಿದರೆ ಆಕೆ ಒಂದೊಂದೇ ಮೆಟ್ಟಿಲು ಹತ್ತಿ ಆರಾಮಾಗಿ ಮೇಲೆ ಹೋದರೇನೋ ಅನ್ನಿಸಿಬಿಡುತ್ತದೆ.

ನನಗೆ ಆಕೆಯ ಮೇಲೆ ಕುತೂಹಲ ಹುಟ್ಟಿದ್ದು ಸೋಲುಗಳನ್ನು ಎಣಿಸಿದ ಮೇಲೆ. 1959ರಲ್ಲಿ ಸೋತರು. 1972ರಲ್ಲಿ ಅಧ್ಯಕ್ಷ ಪದವಿಗೆ ಅಂತ ಒರೆಗಾನ್ ರಾಜ್ಯದಲ್ಲಿ ಪಕ್ಷದೊಳಗಿನ ಚುನಾವಣೆಗೆ ನಿಂತು ಶೇಕಡ 2ರಷ್ಟು ಮತ ಪಡೆದರು. 1976ರಲ್ಲಿ ಸೆನೆಟ್‌ಗೆ ನಿಂತು ಸೋತರು. 1986ರಲ್ಲಿ ಗವರ್ನರ್ ಹುದ್ದೆ ಕೈತಪ್ಪಿತು, 1988ರಲ್ಲಿ ಮೇಯರ್ ಹುದ್ದೆ. ನಡುವೆ ಸುಪ್ರೀಂ ಕೋರ್ಟಿನಲ್ಲೂ ಒಂದು ಸೋಲು. ಇಷ್ಟು ಸಲ ಸೋತವರ ಹೆಸರನ್ನು ಅಮೆರಿಕ ತನ್ನ ಒಂದು ದೊಡ್ಡ ಕಾನೂನಿಗೆ ಇಟ್ಟಿದೆ, 2024ರಲ್ಲಿ ನಾಣ್ಯದ ಮೇಲೂ ಆಕೆಯ ಚಿತ್ರ ಅಚ್ಚು ಹಾಕಿದೆ. ಈ ಎರಡು ಸಂಗತಿಗಳ ನಡುವೆ ಏನಾಯಿತು ಅನ್ನುವುದೇ ನನಗೆ ಜಾಸ್ತಿ ಇಷ್ಟವಾದ ಕಥೆ.

ಆಕೆ ಹುಟ್ಟಿದ್ದು 1927ರ ಡಿಸೆಂಬರ್ 6ರಂದು, ಹವಾಯಿಯ ಮಾವಿ ದ್ವೀಪದಲ್ಲಿ. ಆಗ ಹವಾಯಿ ಇನ್ನೂ ರಾಜ್ಯವಾಗಿರಲಿಲ್ಲ, ಅಮೆರಿಕದ ಹಿಡಿತದಲ್ಲಿದ್ದ ಒಂದು ಪ್ರದೇಶ ಅಷ್ಟೇ. ಸುತ್ತಮುತ್ತ ಎಲ್ಲ ಕಬ್ಬಿನ ತೋಟ. ಆ ತೋಟಗಳಲ್ಲಿ ದುಡಿಯಲು ಜಪಾನಿನಿಂದ ಬಂದವರ ಮೊಮ್ಮಗಳು ಈಕೆ. ಅಪ್ಪ ಸಿವಿಲ್ ಎಂಜಿನಿಯರಿಂಗ್ ಓದಿ, ತೋಟಗಳಿಗೆ ನೀರು ಹರಿಸುವ ಕಂಪನಿಯಲ್ಲಿ ಸರ್ವೇಯರ್ ಆಗಿದ್ದರು. ಬಡ್ತಿ ಮಾತ್ರ ಪ್ರತಿ ಸಲವೂ ಯಾರಾದರೂ ಬಿಳಿಯನ ಪಾಲಾಗುತ್ತಿತ್ತು.

ಹುಡುಗಿಗೆ ಹದಿನಾಲ್ಕು ತುಂಬಿದ ಮರುದಿನವೇ ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬು ಹಾಕಿತು. ಅಪ್ಪನನ್ನು ವಿಚಾರಣೆಗೆ ಕರೆದುಕೊಂಡು ಹೋದರು. ವಾಪಸ್ ಬಂದವರು ಮನೆಯಲ್ಲಿದ್ದ ಜಪಾನಿ ಸಾಮಾನುಗಳನ್ನೆಲ್ಲ ಸುಟ್ಟುಹಾಕಿದರು. ಅಂಥ ಕಾಲದಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ತಕೆಮೊಟೊ ಎಂಬ ಮನೆತನದ ಹೆಸರಿನ ಈ ಹುಡುಗಿ ಹೈಸ್ಕೂಲಿನ ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಂತು ಗೆದ್ದಳು. ಆ ಶಾಲೆಯಲ್ಲಿ ಅಲ್ಲಿಯತನಕ ಯಾವ ಹುಡುಗಿಯೂ ಅಧ್ಯಕ್ಷೆಯಾಗಿರಲಿಲ್ಲ.

ಓದಿನ ನಡುವೆ ಕೆಲವು ಕಾಲ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿ ಬಿಳಿಯರಲ್ಲದವರಿಗೆ ಬೇರೆಯೇ ವಸತಿ. ಹೊರದೇಶದ ವಿದ್ಯಾರ್ಥಿಗಳ ಜೊತೆ ಇವರಿಗೂ ಜಾಗ ಕೊಟ್ಟಿದ್ದರು. ಪ್ಯಾಟ್ಸಿ ಪತ್ರ ಬರೆದರು, ಜನ ಸೇರಿಸಿದರು, ಭಾಷಣ ಮಾಡಿದರು. ಅದೇ ವರ್ಷ ಆ ನಿಯಮ ಹೋಯಿತು.

ಆಕೆಗೆ ಆಗಬೇಕಿದ್ದುದು ಡಾಕ್ಟರ್. 1948ರಲ್ಲಿ ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರದಲ್ಲಿ ಡಿಗ್ರಿ ಮುಗಿಸಿ ಒಂದು ಡಜನ್‌ನಷ್ಟು ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕಿದರು. ಒಂದೂ ತೆಗೆದುಕೊಳ್ಳಲಿಲ್ಲ. ಆಗ ಆ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಸಿಗುತ್ತಿದ್ದುದು ಬೆರಳೆಣಿಕೆಯ ಸೀಟು. ಜೊತೆಗೆ ಯುದ್ಧ ಮುಗಿಸಿ ಬಂದ ಗಂಡಸರ ದೊಡ್ಡ ಸಾಲೇ ಇತ್ತು. ಹೆಣ್ಣು ಅನ್ನುವ ಕಾರಣಕ್ಕೆ ಸೀಟು ಕೊಡದಿರುವುದು ಆಗ ಅಪರಾಧವಲ್ಲ. ಯಾವ ಕಾನೂನೂ ಬೇಡ ಅಂದಿರಲಿಲ್ಲ. ದೂರು ಕೊಡಬೇಕೆಂದರೆ ಯಾವ ಕಚೇರಿಗೆ ಹೋಗುವುದು? ಯಾವ ಕಲಮು ಹಾಕುವುದು? ಆ ಜಾಗ ಖಾಲಿ ಇತ್ತು. ಅದನ್ನು ತುಂಬಲು ಇನ್ನೂ ಇಪ್ಪತ್ತನಾಲ್ಕು ವರ್ಷ ಬೇಕಾಯಿತು.

ಕೊನೆಗೆ ಶಿಕಾಗೊ ವಿಶ್ವವಿದ್ಯಾಲಯದ ಲಾ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅದೂ ಒಂದು ತಮಾಷೆ. ವಿದೇಶಿ ವಿದ್ಯಾರ್ಥಿಗಳ ಲೆಕ್ಕದಲ್ಲಿ ಸೇರಿಸಿಕೊಂಡರು. ಹವಾಯಿ ಅಮೆರಿಕದ್ದೇ ನೆಲ ಅನ್ನುವುದು ಅಲ್ಲಿಯವರಿಗೆ ಹೊಳೆದಿರಲಿಲ್ಲವೋ, ಹೊಳೆದರೂ ಬೇಕಾಗಿರಲಿಲ್ಲವೋ. 1951ರಲ್ಲಿ ಪದವಿ ಬಂತು. ಅದೇ ವರ್ಷ ಅಲ್ಲೇ ಓದುತ್ತಿದ್ದ ಜಾನ್ ಮಿಂಕ್ ಜೊತೆ ಮದುವೆ. ಮರುವರ್ಷ ಮಗಳು ಗ್ವೆಂಡೊಲಿನ್ ಹುಟ್ಟಿದಳು. ಆಮೇಲೆ ಹವಾಯಿಗೆ ವಾಪಸ್.

ಊರಿಗೆ ಬಂದು ವಕೀಲರ ಪರೀಕ್ಷೆ ಬರೆಯಲು ಹೋದರೆ ‘ನೀವು ಇಲ್ಲಿಯವರಲ್ಲ’ ಅಂದರು. ಮದುವೆಯಾದ ಹೆಂಗಸಿಗೆ ಗಂಡನ ಊರೇ ಊರು ಅಂತ ಅಲ್ಲಿನ ಕಾನೂನು. ಗಂಡ ಪೆನ್ಸಿಲ್ವೇನಿಯಾದವರು. ಪ್ಯಾಟ್ಸಿ ಈ ನಿಯಮವನ್ನೇ ಪ್ರಶ್ನಿಸಿದರು, ಅಲ್ಲಿನ ಅಟಾರ್ನಿ ಜನರಲ್ ಇವರ ಪರವಾಗಿ ಹೇಳಿದರು. 1953ರಲ್ಲಿ ಪರೀಕ್ಷೆಯೂ ಪಾಸಾಯಿತು. ಆದರೂ ಯಾರೂ ಕೆಲಸ ಕೊಡಲಿಲ್ಲ. ಮದುವೆಯಾಗಿದೆ, ಚಿಕ್ಕ ಮಗು ಬೇರೆ ಇದೆ ಅನ್ನುವುದೇ ಕಾರಣ. ಸ್ವಂತ ಆಫೀಸು ತೆರೆದರು. ಮೊದಲ ಕಕ್ಷಿದಾರ ಫೀಸಿನ ಬದಲು ಮೀನು ಕೊಟ್ಟನಂತೆ.

ರಾಜಕೀಯಕ್ಕೆ ಬಂದದ್ದು ಇಲ್ಲಿಂದಲೇ. 1954ರಲ್ಲಿ ಹವಾಯಿಯಲ್ಲಿ ದೊಡ್ಡ ಬದಲಾವಣೆ ಆಯಿತು. ಅಲ್ಲಿಯವರೆಗೆ ತೋಟದ ಮಾಲೀಕರ ಬೆಂಬಲದ ರಿಪಬ್ಲಿಕನ್ನರದ್ದೇ ದರ್ಬಾರು. ಆ ವರ್ಷ ಡೆಮಾಕ್ರಾಟರು ಗೆದ್ದರು. ಗೆಲ್ಲಿಸಿದವರಲ್ಲಿ ಮುಖ್ಯರು ಕಾರ್ಮಿಕ ಸಂಘದವರು ಮತ್ತು ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದ ಜಪಾನಿ ಮೂಲದ ಸೈನಿಕರು. ಇಟಲಿಯ ಯುದ್ಧಭೂಮಿಯಲ್ಲಿ ಒಂದು ಕೈ ಕಳೆದುಕೊಂಡ ಡೇನಿಯಲ್ ಇನೊಯೆ ಅವರಲ್ಲೊಬ್ಬರು. ಒಟ್ಟಿಗೆ ಗುಂಡು ಎದುರಿಸಿದವರ ಸ್ನೇಹ ಗಟ್ಟಿ. ಪ್ಯಾಟ್ಸಿ ಯುವ ಡೆಮಾಕ್ರಾಟರ ಸಂಘ ಕಟ್ಟಿದರು, ಮನೆಮನೆ ತಿರುಗಿದರು, ಆದರೆ ಆ ಗೆಳೆತನದ ವೃತ್ತದೊಳಗೆ ಅವರಿಗೆ ಜಾಗ ಇರಲಿಲ್ಲ. ಮುಂದಿನ ಮೂವತ್ತು ವರ್ಷ ಆಕೆಯ ಸೋಲುಗಳನ್ನು ನೋಡುವಾಗ ಇದು ನೆನಪಿರಬೇಕು. ಸ್ವಂತ ಪಕ್ಷದ ದೊಡ್ಡವರು ಬಹುಮಟ್ಟಿಗೆ ಬೇರೆ ಯಾರದೋ ಪರ ಇರುತ್ತಿದ್ದರು.

1956ರಲ್ಲಿ ಹವಾಯಿಯ ಕೆಳಮನೆಗೆ, 1958ರಲ್ಲಿ ಮೇಲ್ಮನೆಗೆ ಆರಿಸಿ ಬಂದರು. ಪೆಸಿಫಿಕ್ ಸಾಗರದಲ್ಲಿ ಬ್ರಿಟನ್ ನಡೆಸುತ್ತಿದ್ದ ಅಣುಪರೀಕ್ಷೆ ವಿರುದ್ಧ ನಿರ್ಣಯ ಮಂಡಿಸಿದರು. ಸಮಾನ ಕೆಲಸಕ್ಕೆ ಸಮಾನ ಸಂಬಳ ಅನ್ನುವ ಮಸೂದೆ ತಂದರು. 1959ರಲ್ಲಿ ಹವಾಯಿ ರಾಜ್ಯವಾಯಿತು. ವಾಷಿಂಗ್ಟನ್‌ಗೆ ಒಬ್ಬ ಪ್ರತಿನಿಧಿ ಹೋಗಬೇಕು. ಪ್ಯಾಟ್ಸಿ ಎಲ್ಲರಿಗಿಂತ ಮೊದಲೇ ತಯಾರಿ ಶುರು ಮಾಡಿದ್ದರು. ಸೆನೆಟ್‌ಗೆ ಹೊರಟಿದ್ದ ಇನೊಯೆ ಕೊನೆಗಳಿಗೆಯಲ್ಲಿ ಈ ಸ್ಥಾನದ ಕಡೆ ತಿರುಗಿದರು. ಪಕ್ಷದೊಳಗಿನ ಚುನಾವಣೆಯಲ್ಲೇ ಪ್ಯಾಟ್ಸಿ ಸೋತರು.

1964ರಲ್ಲಿ ಹವಾಯಿಗೆ ಎರಡು ಸ್ಥಾನ ಇದ್ದವು. ಈ ಸಲವೂ ಪಕ್ಷ ಬೆನ್ನಿಗೆ ನಿಲ್ಲಲಿಲ್ಲ. ಗಂಡ ಜಾನ್ ಅವರೇ ಪ್ರಚಾರ ನೋಡಿಕೊಂಡರು. ಕೈಯಲ್ಲಿ ಕಾಸಿಲ್ಲ, ಸ್ವಯಂಸೇವಕರೇ ಆಸ್ತಿ. ಗೆದ್ದರು.

1965ರ ಜನವರಿಯಲ್ಲಿ ಕೆಳಮನೆಗೆ ಹೋದಾಗ ಆಕೆ ಕೇಳಿ ಪಡೆದದ್ದು ಶಿಕ್ಷಣ ಮತ್ತು ಕಾರ್ಮಿಕ ಸಮಿತಿ. ಸಂಸತ್ತು ಅಂದರೆ ನಮಗೆ ಟೀವಿಯಲ್ಲಿ ಕಾಣುವ ಗದ್ದಲ, ಭಾಷಣ ಅಷ್ಟೇ. ಅಮೆರಿಕದಲ್ಲಿ ನಿಜವಾದ ಕೆಲಸ ನಡೆಯುವುದು ಸಮಿತಿಯ ಕೋಣೆಗಳಲ್ಲಿ. ಸಾಕ್ಷಿಗಳನ್ನು ಕರೆಸುವುದು, ಹೇಳಿಕೆ ಬರೆಸಿಕೊಳ್ಳುವುದು, ಮಸೂದೆಯ ಒಂದೊಂದು ಶಬ್ದಕ್ಕೂ ಜಗ್ಗಾಡುವುದು. ಬೇಜಾರಿನ ಕೆಲಸ. ಪ್ಯಾಟ್ಸಿಯ ಹೆಸರು ಉಳಿದಿರುವುದು ಆ ಬೇಜಾರಿನ ಕೆಲಸದಿಂದಲೇ.

ಅಲ್ಲಿನ ವಾತಾವರಣ ಹೇಗಿತ್ತು ಅನ್ನುವುದಕ್ಕೆ ಎರಡೇ ಉದಾಹರಣೆ. ಸದಸ್ಯರ ಜಿಮ್ ಇತ್ತು, ‘ಸದಸ್ಯರಿಗೆ ಮಾತ್ರ’ ಅಂತ ಬೋರ್ಡೂ ಇತ್ತು. ಸದಸ್ಯೆಯರನ್ನು ಒಳಗೆ ಬಿಡುತ್ತಿರಲಿಲ್ಲ. 1967ರಲ್ಲಿ ಪ್ಯಾಟ್ಸಿ ಇಬ್ಬರು ರಿಪಬ್ಲಿಕನ್ ಸದಸ್ಯೆಯರನ್ನು ಜೊತೆ ಮಾಡಿಕೊಂಡು ಬಾಗಿಲಿಗೇ ಹೋಗಿ ನಿಂತರು. ಇನ್ನೊಂದು 1970ರದ್ದು. ಡೆಮಾಕ್ರಾಟಿಕ್ ಪಕ್ಷದ ಒಂದು ಸಮಿತಿಯಲ್ಲಿದ್ದ ಡಾಕ್ಟರ್ ಎಡ್ಗರ್ ಬರ್ಮನ್, ಹಾರ್ಮೋನುಗಳ ಏರುಪೇರಿನಿಂದಾಗಿ ಹೆಂಗಸರು ದೊಡ್ಡ ಹುದ್ದೆಗೆ ತಕ್ಕವರಲ್ಲ ಅಂತ ವಾದಿಸಿದರು. ಪ್ಯಾಟ್ಸಿ ಅದನ್ನು ಅಲ್ಲಿಗೇ ಬಿಡಲಿಲ್ಲ. ಬರ್ಮನ್ ರಾಜೀನಾಮೆ ಕೊಡಬೇಕಾಯಿತು.

ಅದೇ ವರ್ಷ ಅಧ್ಯಕ್ಷ ನಿಕ್ಸನ್ ಸುಪ್ರೀಂ ಕೋರ್ಟಿಗೆ ಹ್ಯಾರಲ್ಡ್ ಕಾರ್ಸ್‌ವೆಲ್ ಎಂಬ ನ್ಯಾಯಾಧೀಶರ ಹೆಸರು ಸೂಚಿಸಿದ್ದರು. ಚಿಕ್ಕ ಮಕ್ಕಳಿರುವ ಗಂಡಸರಿಗೆ ಕೆಲಸ ಕೊಟ್ಟು, ಚಿಕ್ಕ ಮಕ್ಕಳಿರುವ ಹೆಂಗಸರಿಗೆ ಕೊಡದ ಕಂಪನಿಯೊಂದರ ಕೇಸು ಕೆಳಗಿನ ಕೋರ್ಟಿನಲ್ಲಿ ಇವರ ಮುಂದೆ ಬಂದಿತ್ತು. ಮರುವಿಚಾರಣೆ ಬೇಡ ಅಂದವರಲ್ಲಿ ಇವರೂ ಒಬ್ಬರು. ಪ್ಯಾಟ್ಸಿ ಸೆನೆಟ್ ಸಮಿತಿಯ ಮುಂದೆ ಹೋಗಿ ಈ ವಿಷಯ ಎತ್ತಿದರು. ಕಾರ್ಸ್‌ವೆಲ್ ತಿರಸ್ಕಾರಗೊಂಡದ್ದಕ್ಕೆ ಮುಖ್ಯ ಕಾರಣ ವರ್ಣಭೇದದ ಹಳೆಯ ಮಾತುಗಳು, ನಿಜ. ಆದರೆ ನ್ಯಾಯಾಧೀಶರನ್ನು ಆರಿಸುವಾಗ ಹೆಂಗಸರ ಪ್ರಶ್ನೆಯನ್ನೂ ಕೇಳಬಹುದು ಅನ್ನುವುದು ಅಲ್ಲಿ ದಾಖಲಾಯಿತು. ಚಿಕ್ಕ ಮಗುವಿದೆ ಅಂತ ಕೆಲಸ ಸಿಗದಿದ್ದ ವಕೀಲೆಯೇ ಆ ಪ್ರಶ್ನೆ ಎತ್ತಿದ್ದು, ಅಲ್ವಾ?

ಇನ್ನು ಟೈಟಲ್ ನೈನ್. 1972ರ ಜೂನ್ 23ರಂದು ನಿಕ್ಸನ್ ಸಹಿ ಹಾಕಿದ ಶಿಕ್ಷಣ ಕಾಯಿದೆಯ ಒಂದು ಭಾಗ. ಮುಖ್ಯ ವಾಕ್ಯ ಇಂಗ್ಲಿಷಿನಲ್ಲಿ ಬರೀ 37 ಪದ. ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಯಾವ ಶಿಕ್ಷಣ ಕಾರ್ಯಕ್ರಮದಿಂದಲೂ ಹೆಣ್ಣು ಅಥವಾ ಗಂಡು ಅನ್ನುವ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಅನ್ನುವುದು ಅದರ ಸಾರ. ಈ ಕಾನೂನಿನ ತಾಯಿ ಯಾರು ಅಂತ ಅಲ್ಲಿ ಈಗಲೂ ಜಗ್ಗಾಟ ಇದೆ. 1970ರಲ್ಲಿ ಸಮಿತಿಯ ವಿಚಾರಣೆ ನಡೆಸಿ ನೆಲ ಹದ ಮಾಡಿದವರು ಒರೆಗಾನ್‌ನ ಈಡಿತ್ ಗ್ರೀನ್. ಸೆನೆಟ್‌ನಲ್ಲಿ ದಾಟಿಸಿದವರು ಬರ್ಚ್ ಬೈ. ಪ್ಯಾಟ್ಸಿ ಕರಡಿನಲ್ಲಿ, ವಿಚಾರಣೆಯಲ್ಲಿ, ಮತ ಕೂಡಿಸುವುದರಲ್ಲಿ ಇದ್ದರು. ಎಲ್ಲ ಕೀರ್ತಿಯನ್ನೂ ಒಬ್ಬರ ತಲೆಗೇ ಕಟ್ಟುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿ. ಗ್ರೀನ್ ಅವರ ಜಾಣತನವೂ ಸಣ್ಣದಲ್ಲ. ಮಹಿಳಾ ಸಂಘಟನೆಗಳಿಗೆ ಅವರು ‘ದಯವಿಟ್ಟು ಇದರ ಪರ ಜೋರಾಗಿ ಪ್ರಚಾರ ಮಾಡಬೇಡಿ’ ಅನ್ನುವ ಸಲಹೆ ಕೊಟ್ಟಿದ್ದರು. ಯಾರ ಕಣ್ಣಿಗೂ ಬೀಳದೆ ದಾಟಲಿ ಅನ್ನುವ ಲೆಕ್ಕ.

ಲೆಕ್ಕ ಸರಿಯಾಯಿತು. ಗದ್ದಲ ಶುರುವಾದದ್ದು ಆಮೇಲೆ. ಆ 37 ಪದಗಳಲ್ಲಿ ಆಟದ ಮಾತೇ ಇಲ್ಲ. ಆದರೆ ಶಾಲೆಯ ಆಟವೂ ಶಿಕ್ಷಣ ಕಾರ್ಯಕ್ರಮವೇ ಅಂತ ಗೊತ್ತಾದಾಗ ಕಾಲೇಜು ಫುಟ್‌ಬಾಲ್ ನಡೆಸುವವರು ಬೆಚ್ಚಿಬಿದ್ದರು. ನಿಯಮಗಳ ಕರಡಿಗೆ ಸುಮಾರು 10 ಸಾವಿರ ಪ್ರತಿಕ್ರಿಯೆ ಬಂದವು. ಕಾನೂನು ಬಂದು ಮೂರು ವರ್ಷವಾದರೂ ನಿಯಮ ಜಾರಿಯಾಗಿರಲಿಲ್ಲ. ಅದರೊಳಗೇ ತೂತು ಕೊರೆಯಲು ಒಂದರ ಹಿಂದೊಂದು ತಿದ್ದುಪಡಿ. ಪ್ಯಾಟ್ಸಿಯ ನಿಜವಾದ ಕಾಣಿಕೆ ಈ ಹೊತ್ತಿನದು ಅಂತ ನನ್ನ ಅನಿಸಿಕೆ. ಸಹಿ ಬೀಳುವಾಗ ಫೋಟೋದಲ್ಲಿ ನಿಲ್ಲಲು ಎಲ್ಲರೂ ಬರುತ್ತಾರೆ. ಆಮೇಲೆ ಕಾವಲು ಕಾಯಲು ಕೆಲವರೇ ಉಳಿಯುತ್ತಾರೆ.

1975ರ ಜುಲೈನಲ್ಲಿ ಅಂಥದೊಂದು ತಿದ್ದುಪಡಿ ಮತಕ್ಕೆ ಬಂತು. ತಂದವರು ಟೆಕ್ಸಾಸ್‌ನ ಬಾಬ್ ಕೇಸಿ. ವ್ಯಾಯಾಮದ ತರಗತಿಗಳು ಮತ್ತು ಕೆಲವು ವಿದ್ಯಾರ್ಥಿ ಸಂಘಗಳ ವಿಷಯದಲ್ಲಿ ಸರ್ಕಾರ ಈ ಕಾನೂನು ಜಾರಿ ಮಾಡಬಾರದು ಅನ್ನುವುದು ಅದರ ಉದ್ದೇಶ. ಪ್ಯಾಟ್ಸಿ ವಿರೋಧದ ಮುಂದಾಳು. ಮತದಾನದ ಹೊತ್ತಿಗೆ ಸುದ್ದಿ ಬಂತು: ಮಗಳಿಗೆ ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ಕಾರು ಅಪಘಾತವಾಗಿದೆ, ಪೆಟ್ಟು ಜೋರಾಗಿದೆ. ಆಕೆ ಮಗಳ ಬಳಿಗೆ ಓಡಿದರು. ಎಣಿಸಿದಾಗ 212ಕ್ಕೆ 211. ಒಂದೇ ಮತದಲ್ಲಿ ಪ್ಯಾಟ್ಸಿಯ ಕಡೆಯವರು ಸೋತರು.

ಮರುದಿನ ನಡೆದದ್ದು ಅಪರೂಪ. ಆಕೆ ಯಾಕೆ ಹೋಗಬೇಕಾಯಿತು ಅನ್ನುವುದನ್ನು ಸಭೆಗೆ ತಿಳಿಸಲಾಯಿತು. ಸ್ಪೀಕರ್ ಕಾರ್ಲ್ ಆಲ್ಬರ್ಟ್ ಮತ್ತೆ ಮತದಾನಕ್ಕೆ ದಾರಿ ಮಾಡಿದರು. ಈ ಸಲ 215ಕ್ಕೆ 178, ತಿದ್ದುಪಡಿ ಬಿದ್ದುಹೋಯಿತು. ಹಿಂದಿನ ದಿನದ ಫಲಿತಾಂಶವೇ ಉಳಿದಿದ್ದರೆ? ಆ ತೂತು ಎಷ್ಟು ದೊಡ್ಡದಾಗುತ್ತಿತ್ತೋ ಏನೋ. 1971-72ರಲ್ಲಿ ಅಮೆರಿಕದ ಹೈಸ್ಕೂಲ್ ತಂಡಗಳಲ್ಲಿ ಆಡುತ್ತಿದ್ದ ಹುಡುಗಿಯರು 3 ಲಕ್ಷಕ್ಕಿಂತ ಕಡಿಮೆ. ಈಗ 30 ಲಕ್ಷ ದಾಟಿದ್ದಾರೆ. ಇವತ್ತು ಅಲ್ಲಿರುವ ನಮ್ಮವರ ಹುಡುಗಿಯರು ಶಾಲೆಯ ಸಾಕರ್ ತಂಡದ ಜೆರ್ಸಿ ಹಾಕಿಕೊಂಡು ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರಲ್ಲ, ಆ ಮೈದಾನದ ಹಿಂದೆ ಈ ಎರಡು ದಿನಗಳೂ ಇವೆ.

ಸುಪ್ರೀಂ ಕೋರ್ಟಿನ ಸೋಲಿನದೂ ಇದೇ ಥರದ ಕಥೆ. ಅಲಾಸ್ಕಾದ ಆಮ್ಚಿಟ್ಕಾ ದ್ವೀಪದ ನೆಲದಡಿ 1971ರ ನವೆಂಬರ್‌ನಲ್ಲಿ ಅಮೆರಿಕ ಭಾರಿ ಅಣುಪರೀಕ್ಷೆ ನಡೆಸಿತು. ಅದಕ್ಕೆ ಮುಂಚೆ ಸರ್ಕಾರದ ಇಲಾಖೆಗಳೇ ಅಧ್ಯಕ್ಷರಿಗೆ ಕೊಟ್ಟ ವರದಿಗಳನ್ನು ತೋರಿಸಿ ಅಂತ ಪ್ಯಾಟ್ಸಿ ಮತ್ತು ಮೂವತ್ತಕ್ಕೂ ಹೆಚ್ಚು ಸದಸ್ಯರು ಕೇಳಿದರು. ನಮ್ಮ ಆರ್‌ಟಿಐ ಥರದ ಕಾನೂನು ಅಲ್ಲಿ 1966ರಿಂದಲೇ ಇತ್ತು. ಸರ್ಕಾರ ‘ಗುಟ್ಟು’ ಅಂದಿತು. 1973ರಲ್ಲಿ ಕೋರ್ಟೂ ಸರ್ಕಾರದ ಪರ ನಿಂತಿತು. ಗುಟ್ಟು ಅಂತ ಮುದ್ರೆ ಬಿದ್ದರೆ ಆ ಮುದ್ರೆ ಸರಿಯೋ ತಪ್ಪೋ ಅಂತ ನ್ಯಾಯಾಧೀಶರೂ ಇಣುಕಿ ನೋಡುವಂತಿಲ್ಲ ಅಂತಾಯಿತು. ಸಂಸತ್ತು ಸುಮ್ಮನಿರಲಿಲ್ಲ. 1974ರಲ್ಲಿ ಅಧ್ಯಕ್ಷ ಫೋರ್ಡ್ ಅವರ ವೀಟೊವನ್ನೂ ಮೀರಿ ಕಾನೂನು ತಿದ್ದಿತು. ನ್ಯಾಯಾಧೀಶರು ಕಾಗದ ತರಿಸಿ ನೋಡಬಹುದು ಅಂತಾಯಿತು. ಕೇಸು ಸೋತ ಮೇಲೆ ಕಾನೂನೇ ಬದಲಾಯಿತು.

ವಿಯೆಟ್ನಾಂ ಯುದ್ಧವನ್ನು ಬೇಗನೇ ವಿರೋಧಿಸಿದ್ದಕ್ಕೆ ಸೇನಾ ನೆಲೆಗಳಿಂದಲೇ ಅರ್ಧ ಬದುಕುವ ಹವಾಯಿಯಲ್ಲಿ ಬೈಗುಳ ತಿಂದರು. ‘ಪ್ಯಾಟ್ಸಿ ಪಿಂಕ್’ ಅಂತ ಕರೆದರು, ಅಂದರೆ ಅರೆ ಕಮ್ಯುನಿಸ್ಟ್. 1972ರಲ್ಲಿ ಒರೆಗಾನ್‌ನ ಯುದ್ಧವಿರೋಧಿಗಳು ಕರೆದರು ಅಂತ ಅಲ್ಲಿ ಅಧ್ಯಕ್ಷ ಸ್ಪರ್ಧೆಗೆ ಹೆಸರು ಕೊಟ್ಟದ್ದು. ಗೆಲ್ಲುವ ಆಸೆ ಯಾರಿಗೂ ಇರಲಿಲ್ಲ.

1976ರ ಸೋಲು ಮಾತ್ರ ನಿಜವಾಗಿ ನೋಯಿಸಿರಬೇಕು. ಭದ್ರವಾಗಿದ್ದ ಸ್ಥಾನ ಬಿಟ್ಟು ಸೆನೆಟ್‌ಗೆ ನಿಂತರು. ಎದುರಾಳಿ ಸ್ಪಾರ್ಕ್ ಮಾತ್ಸುನಾಗ, ಅದೇ ಪಕ್ಷ, ಅವರೂ ಮಾಜಿ ಸೈನಿಕರು. ಮಾತ್ಸುನಾಗ ಗೆದ್ದರು. ಪ್ಯಾಟ್ಸಿಯ ಹಳೆ ಸ್ಥಾನಕ್ಕೆ ಡೇನಿಯಲ್ ಅಕಾಕ ಬಂದರು. ಕಾರ್ಟರ್ ಸರ್ಕಾರದಲ್ಲಿ ಸಾಗರ ಮತ್ತು ಪರಿಸರದ ವಿಷಯ ನೋಡಿಕೊಳ್ಳುವ ಹುದ್ದೆಯಲ್ಲಿ ಸ್ವಲ್ಪ ಕಾಲ ಇದ್ದು ಊರಿಗೆ ಮರಳಿದರು.

ಆಮೇಲೆ ಮಾಡಿದ್ದು ನನಗೆ ತುಂಬ ಹಿಡಿಸಿತು. ಹೊನೊಲುಲು ನಗರದ ಕೌನ್ಸಿಲ್‌ಗೆ ನಿಂತರು. ಹನ್ನೆರಡು ವರ್ಷ ಸಂಸದೆಯಾಗಿದ್ದವರು, ಟೈಟಲ್ ನೈನ್ ಉಳಿಸಿದವರು, ಈಗ ಊರಿನ ಕೌನ್ಸಿಲರ್. ನಮ್ಮಲ್ಲಿ ಎಂಪಿ ಆಗಿದ್ದವರು ಕಾರ್ಪೊರೇಷನ್ ಚುನಾವಣೆಗೆ ನಿಂತರೆ ‘ಪಾಪ, ಕಥೆ ಮುಗೀತು’ ಅಂತಾರೆ. ಆಕೆ 1983ರಿಂದ 87ರವರೆಗೆ ಅಲ್ಲಿ ಕೂತು ನಗರದ ಕೆಲಸ ಮಾಡಿದರು, ಎರಡು ವರ್ಷ ಅಧ್ಯಕ್ಷತೆಯನ್ನೂ ವಹಿಸಿದರು. ಆಮೇಲೆ ಗವರ್ನರ್, ಮೇಯರ್ ಎರಡೂ ಸೋಲು. ಅರವತ್ತು ದಾಟಿತು.

1990ರಲ್ಲಿ ಮಾತ್ಸುನಾಗ ತೀರಿಕೊಂಡರು. ಅವರ ಜಾಗಕ್ಕೆ ಅಕಾಕ ಸೆನೆಟ್‌ಗೆ ಹೋದರು. ಹದಿನಾಲ್ಕು ವರ್ಷದ ಹಿಂದೆ ಬಿಟ್ಟ ಅದೇ ಸ್ಥಾನ ಖಾಲಿಯಾಯಿತು. ಪ್ಯಾಟ್ಸಿ ನಿಂತು ಗೆದ್ದರು. ಮರುವರ್ಷ, ಸುಪ್ರೀಂ ಕೋರ್ಟಿಗೆ ಹೆಸರು ಸೂಚಿಸಲಾಗಿದ್ದ ಕ್ಲಾರೆನ್ಸ್ ಥಾಮಸ್ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದ್ದ ಅನಿತಾ ಹಿಲ್ ಅವರ ದೂರನ್ನು ಸೆನೆಟ್ ಕೇಳಲೇಬೇಕು ಅಂತ ಏಳು ಸದಸ್ಯೆಯರು ಸೆನೆಟ್ ಕಡೆ ಮೆಟ್ಟಿಲು ಹತ್ತಿ ಹೋದ ಪ್ರಸಿದ್ಧ ಫೋಟೋದಲ್ಲಿ ಆಕೆಯೂ ಇದ್ದಾರೆ. 1996ರಲ್ಲಿ ಬಡತಾಯಂದಿರ ಸರ್ಕಾರಿ ನೆರವು ಕತ್ತರಿಸುವ ಕಾನೂನನ್ನು ಸ್ವಂತ ಪಕ್ಷದ ಅಧ್ಯಕ್ಷ ಕ್ಲಿಂಟನ್ ಒಪ್ಪಿದರೂ ಈಕೆ ಒಪ್ಪಲಿಲ್ಲ. ಅಲ್ಲೂ ಸೋಲು.

2002ರ ಸೆಪ್ಟೆಂಬರ್ 28ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಒಂದು ವಾರ ಮುಂಚೆ ಪಕ್ಷದೊಳಗಿನ ಚುನಾವಣೆ ಗೆದ್ದಿದ್ದರು. ಮತಪತ್ರದಿಂದ ಹೆಸರು ತೆಗೆಯಲು ಸಮಯ ಇರಲಿಲ್ಲ. ನವೆಂಬರ್‌ನಲ್ಲಿ ಜನ ತೀರಿಹೋದವರಿಗೇ ಮತ ಹಾಕಿ ಗೆಲ್ಲಿಸಿದರು. ಟೈಟಲ್ ನೈನ್‌ಗೆ ಆಕೆಯ ಹೆಸರಿಟ್ಟದ್ದು ಆ ವರ್ಷವೇ.

ಒಂದು ಸೋಲು ಮಾತ್ರ ಆಮೇಲೂ ಸರಿಹೋಗಲಿಲ್ಲ. ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರ ಮಕ್ಕಳಿಗಾಗಿ ದೇಶದುದ್ದಕ್ಕೂ ಶಿಶುವಿಹಾರಗಳು ಬೇಕು, ಫೀಸು ಅವರವರ ಆದಾಯಕ್ಕೆ ತಕ್ಕಂತಿರಬೇಕು ಅಂತ ಅರವತ್ತರ ದಶಕದಿಂದಲೇ ಆಕೆ ಹೇಳುತ್ತಿದ್ದರು. 1971ರಲ್ಲಿ ಅಂಥ ಮಸೂದೆ ಎರಡೂ ಸದನಗಳಲ್ಲಿ ಪಾಸಾಯಿತು. ಡಿಸೆಂಬರ್‌ನಲ್ಲಿ ನಿಕ್ಸನ್ ವೀಟೊ ಹಾಕಿದರು. ಮಕ್ಕಳನ್ನು ಬೆಳೆಸುವುದು ಕುಟುಂಬದ ಕೆಲಸ, ಸರ್ಕಾರ ಅದನ್ನು ಸಾಮೂಹಿಕ ಮಾಡಬಾರದು ಅನ್ನುವುದು ಅವರ ವಾದ. ಸಂಸತ್ತಿಗೆ ಆ ವೀಟೊವನ್ನು ಮೀರಲಾಗಲಿಲ್ಲ. ಅಷ್ಟು ಹತ್ತಿರ ಬಂದದ್ದು ಅದೇ ಕೊನೆ.

ಡೇಕೇರ್ ಖರ್ಚಿನ ಬಗ್ಗೆ ಅಮೆರಿಕದ ನಮ್ಮವರನ್ನು ಕೇಳಿ ನೋಡಿ. ಎಷ್ಟೋ ಊರುಗಳಲ್ಲಿ ಅದು ಮನೆ ಬಾಡಿಗೆಗೆ ಪೈಪೋಟಿ ಕೊಡುತ್ತದೆ. ಹಾಗಾಗಿ ಮೈಸೂರಿನಿಂದ, ದಾವಣಗೆರೆಯಿಂದ, ಜಯನಗರದಿಂದ ಅಮ್ಮಂದಿರು ಬಾಣಂತನಕ್ಕೆ ಅಂತ ವಿಮಾನ ಹತ್ತುತ್ತಾರೆ. ಮೊದಲ ಆರು ತಿಂಗಳು ಹುಡುಗಿಯ ಅಪ್ಪ ಅಮ್ಮ, ವೀಸಾ ಮುಗಿಯುವ ಹೊತ್ತಿಗೆ ಹುಡುಗನ ಅಪ್ಪ ಅಮ್ಮ. ನಿಕ್ಸನ್ ಹೇಳಿದ ಕುಟುಂಬ ಇದೇ ಇರಬೇಕು. ಟಿಕೆಟ್ ದುಡ್ಡು ಮಾತ್ರ ಯಾರೂ ಕೊಡುವುದಿಲ್ಲ.